ಘಟ್ಟವೆಂಬ ಮೆಟ್ಟಿಲು

ಕರಾವಳಿಯ ಜನ ಶಿವಮೊಗ್ಗೆಗೋ ಚಿಕ್ಕಮಗಳೂರಿಗೋ ಹೊರಟಾಗ 'ಘಟ್ಟ ಹತ್ತುತ್ತೇವೆ' ಎನ್ನುತ್ತಾರೆ. ಮಲೆನಾಡಿನವರು ಮಂಗಳೂರಿಗೋ ಕುಂದಾಪುರಕ್ಕೋ ಹೊರಟಾಗ 'ಘಟ್ಟ ಇಳಿಯುತ್ತೇವೆ' ಎನ್ನುತ್ತಾರೆ. ಒಂದೇ ದಿಕ್ಕಿನ ಪ್ರಯಾಣದಲ್ಲಿ ಘಟ್ಟವನ್ನು ಹತ್ತಿಯೂ ಇಳಿದೂ ಬಂದೆನೆಂದು ಹೇಳಿದವರನ್ನು ನಾನು ಈವರೆಗೆ ಕಂಡಿಲ್ಲ. ಬೇರೆ ಬೆಟ್ಟಗಳ ವಿಚಾರ ಹಾಗಲ್ಲ. ಬೆಟ್ಟವೆಂದರೆ ಒಂದು ಮಗ್ಗುಲಿನಿಂದ ಏರಿ ಇನ್ನೊಂದು ಮಗ್ಗುಲಿಗೆ ಇಳಿಯತಕ್ಕದ್ದು. ಘಟ್ಟಕ್ಕೆ ಮಾತ್ರ ನಮ್ಮ ಆಡುಮಾತು ಒಂದೇ ಮಗ್ಗುಲನ್ನು ಕೊಟ್ಟಿದೆ. ಮೂಲದಲ್ಲಿಯೂ ಆ ಶಬ್ದಕ್ಕೆ ಶಿಖರದ ಅರ್ಥವಿಲ್ಲ. ನದಿಯ ಸ್ನಾನಘಟ್ಟದಲ್ಲಿ ಇರುವುದು ಯಾವುದೋ ಅದೇ ಇಲ್ಲಿಯೂ ಇರುವುದು: ಇಳಿಯುವ ಮೆಟ್ಟಿಲು.

ಇನ್ನು ಶಾಲೆಯ ಭೂಗೋಲವನ್ನು ತೆರೆದು ನೋಡೋಣ. ಅಲ್ಲಿ ಸಹ್ಯಾದ್ರಿ ಒಂದು 'ಪರ್ವತಶ್ರೇಣಿ'. ನಕಾಶೆಯಲ್ಲಿ ಅದು ಪಶ್ಚಿಮದ ಅಂಚಿನಲ್ಲಿ ಕಂದುಬಣ್ಣದ ಕಂಬಳಿಹುಳುವಿನಂತೆ ಮಲಗಿರುತ್ತದೆ. ತಪತೀ ನದಿಯ ದಂಡೆಯಿಂದ ಕನ್ಯಾಕುಮಾರಿಯವರೆಗೆ ಸುಮಾರು ೧,೬೦೦ ಕಿಲೋಮೀಟರ್ ಉದ್ದ. ಅತ್ಯುನ್ನತ ಶಿಖರ ಆನೆಮುಡಿ, ೨,೬೯೫ ಮೀಟರ್. ವಿದ್ಯಾರ್ಥಿ ಇಷ್ಟನ್ನು ಕಂಠಪಾಠ ಮಾಡಿದರೆ ಪರೀಕ್ಷೆಗೆ ಸಾಕು. ಅದರ ಎಡಕ್ಕೆ ಕರಾವಳಿ, ಬಲಕ್ಕೆ ಬಯಲುಸೀಮೆ. ಮೂರೂ ಮೂರು ಪ್ರತ್ಯೇಕ ಕೋಣೆಗಳು, ನಡುವಣ ಗೋಡೆಯೇ ಪರ್ವತ. ಆಡುಮಾತಿನ ತಿಳಿವಳಿಕೆಯೇ ಇಲ್ಲಿ ಸರಿಯಾದುದು, ಪುಸ್ತಕದ್ದು ತಪ್ಪು ಎಂಬುದು ನನ್ನ ಅಭಿಪ್ರಾಯ. ಆ ತಪ್ಪು ಪರೀಕ್ಷೆಯ ಕೊಠಡಿಯ ಒಳಗೇ ಉಳಿಯುವಂಥದಾಗಿದ್ದರೆ ಇಷ್ಟು ಬರೆಯುವ ಗೋಜಿಗೆ ನಾನು ಹೋಗುತ್ತಿರಲಿಲ್ಲ.

ಬೆಂಗಳೂರು ಸಮುದ್ರಮಟ್ಟದಿಂದ ೯೦೦ ಮೀಟರಿಗೂ ಮೇಲಿದೆ. ಆಗುಂಬೆ ಇರುವುದು ಸುಮಾರು ೬೫೦ ಮೀಟರ್ ಎತ್ತರದಲ್ಲಿ. ಎಂದರೆ ಬೆಂಗಳೂರಿನಿಂದ ಆಗುಂಬೆಗೆ ಹೋಗುವವನು ಒಟ್ಟಿನ ಲೆಕ್ಕದಲ್ಲಿ ಕೆಳಗಿಳಿಯುತ್ತಾನೆ. ಬಯಲುಸೀಮೆಯ ನಗರ ಎತ್ತರದಲ್ಲಿ, ಮಲೆನಾಡಿನ ನೆತ್ತಿಯೆಂದು ನಾವು ಭಾವಿಸಿದ ಊರು ತಗ್ಗಿನಲ್ಲಿ! ಹಾಸನದಿಂದ ಸಕಲೇಶಪುರದವರೆಗೆ ರೈಲು ಹೆಚ್ಚೇನೂ ಆಯಾಸವಿಲ್ಲದೆ ಬರುತ್ತದೆ. ಅಲ್ಲಿಂದ ಸುಬ್ರಹ್ಮಣ್ಯದ ಕಡೆಗೆ ಇಳಿಯಲು ಅದಕ್ಕೆ ೫೭ ಸುರಂಗಗಳು ಬೇಕಾದವು. ಪೂರ್ವದಿಂದ ಬರುವವನಿಗೆ ಪರ್ವತವೇ ಎದುರಾಗುವುದಿಲ್ಲ. ನೆಲ ಇದ್ದಕ್ಕಿದ್ದಂತೆ ಮುಗಿದುಹೋಗುತ್ತದೆ. ಮುಳ್ಳಯ್ಯನಗಿರಿ, ಕುದುರೆಮುಖಗಳಂಥ ನಿಜವಾದ ಶಿಖರಗಳು ಇಲ್ಲವೇ ಎಂದು ಕೇಳಬಹುದು. ಇವೆ. ಕಬ್ಬಿಣದ ಅದಿರಿನ ಗಟ್ಟಿ ಪದರಗಳಿರುವ ಶಿಲೆಗಳು ಅವು. ಸುತ್ತಲಿನದೆಲ್ಲ ಸವೆದಾಗ ಸವೆಯಲು ಒಪ್ಪದೆ ಉಳಿದವು. ಪ್ರಸ್ಥಭೂಮಿಯೆಂಬ ಜಗಲಿಯ ಮೇಲೆ ಇಟ್ಟ ಗುಂಡುಕಲ್ಲುಗಳಂತೆ ಅವು ನಿಂತಿವೆ. ಘಟ್ಟವೆಂಬುದು ಆ ಜಗಲಿಯ ಅಂಚು.

ಈ ಅಂಚು ಹುಟ್ಟಿದ್ದು ಹೇಗೆ? ಸುಮಾರು ೮.೮ ಕೋಟಿ ವರ್ಷಗಳ ಹಿಂದೆ ಭಾರತವೂ ಮಡಗಾಸ್ಕರವೂ ಒಂದನ್ನೊಂದು ಬಿಟ್ಟು ಅಗಲಿದವು. ಆ ಬಿರುಕಿನ ಕಾಲದ ಸಾಕ್ಷಿ ನಮ್ಮ ಮಲ್ಪೆಯ ಎದುರಿಗೇ ಇದೆ. ಸೇಂಟ್ ಮೇರಿ ದ್ವೀಪದಲ್ಲಿ ಕಂಬಕಂಬವಾಗಿ ನಿಂತಿರುವ ಕಲ್ಲುಗಳು ಆ ಬೇರ್ಪಡೆಯ ವೇಳೆಗೆ ಉಕ್ಕಿ ಬಂದು ಆರಿದ ಲಾವಾರಸ. ರಜೆಯ ದಿನ ದೋಣಿಯಲ್ಲಿ ಅಲ್ಲಿಗೆ ಹೋಗಿ ಕಡಲೆಕಾಯಿ ತಿಂದು ಬರುವ ನಮ್ಮ ವಿದ್ಯಾರ್ಥಿಗಳಲ್ಲಿ ಎಷ್ಟು ಜನಕ್ಕೆ ತಾವು ಒಂದು ಭೂಖಂಡದ ಒಡೆದ ಅಂಚಿನ ಮೇಲೆ ಕುಳಿತಿದ್ದೇವೆಂಬ ಅರಿವಿದ್ದೀತು! ಆಮೇಲೆ, ಸುಮಾರು ೬.೬ ಕೋಟಿ ವರ್ಷಗಳ ಹಿಂದೆ, ಉತ್ತರದಲ್ಲಿ ಮಹಾರಾಷ್ಟ್ರದಿಂದ ನಮ್ಮ ಬೆಳಗಾವಿ, ವಿಜಯಪುರ, ಬೀದರಗಳವರೆಗೆ ಕಪ್ಪುಶಿಲೆಯ ಪ್ರವಾಹಗಳು ಒಂದರ ಮೇಲೊಂದು ಹರಡಿಕೊಂಡವು. ಇಲ್ಲೊಂದು ಕುತೂಹಲದ ಸಂಗತಿ ಉಂಟು. ಘಟ್ಟದ ಉತ್ತರಭಾಗ ಈ ಹೊಸ ಕಪ್ಪುಶಿಲೆಯದು. ದಕ್ಷಿಣಭಾಗ ಇನ್ನೂರೈವತ್ತು ಮುನ್ನೂರು ಕೋಟಿ ವರ್ಷಗಳ ಮುದಿ ಕಲ್ಲಿನದು. ಆದರೂ ಅಂಚು ಮಾತ್ರ ಒಂದರಿಂದ ಇನ್ನೊಂದಕ್ಕೆ ಕಡಿಯದೆ ಸಾಗುತ್ತದೆ. ಕಲ್ಲಿನ ಜಾತಿಯನ್ನು ಅದು ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಆದುದರಿಂದ ಕಲ್ಲಿನ ಗಡಸುತನವೊಂದೇ ಇದಕ್ಕೆ ಕಾರಣವಾಗಲಾರದು. ಭೂಖಂಡದ ಒಡೆದ ಅಂಚೆಂಬುದೇ ಇದರ ಮೂಲ ಕಾರಣ.

ಇಷ್ಟು ಹೇಳಿದ ಮೇಲೆ ಒಂದು ಕಷ್ಟದ ಪ್ರಶ್ನೆ ಏಳುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ. ಘಟ್ಟದ ಮೋರೆಯುದ್ದಕ್ಕೂ ಇಂಥ ಮಳೆ ಲಕ್ಷಾಂತರ ಮಳೆಗಾಲಗಳಲ್ಲಿ ಸುರಿದಿದೆ. ಹಿಮಾಲಯಕ್ಕಾದರೆ ಕೆಳಗಿನಿಂದ ನೂಕುವ ಬಲವಿದೆ. ಭಾರತದ ಭೂಫಲಕ ಸುಮಾರು ಐದು ಕೋಟಿ ವರ್ಷಗಳಿಂದ ಏಷ್ಯಾವನ್ನು ಒತ್ತುತ್ತಲೇ ಇದೆ, ಆ ಪರ್ವತ ಏಳುತ್ತಲೇ ಇದೆ, ಗಂಗೆ ಬ್ರಹ್ಮಪುತ್ರೆಗಳು ವರ್ಷವರ್ಷವೂ ಸುಮಾರು ನೂರು ಕೋಟಿ ಟನ್ ಹೂಳನ್ನು ಕೆಳಗೆ ಸಾಗಿಸುತ್ತಲೇ ಇವೆ. ಗಳಿಸುವವನು ಖರ್ಚು ಮಾಡುತ್ತಿದ್ದಾನೆ, ಅದರಲ್ಲಿ ಆಶ್ಚರ್ಯವಿಲ್ಲ. ಸಹ್ಯಾದ್ರಿಗೆ ಅಂಥ ನೂಕುಬಲವಿಲ್ಲ. ಗಳಿಕೆಯಿಲ್ಲದೆ ಕೋಟ್ಯಂತರ ವರ್ಷ ಖರ್ಚೇ ಮಾಡುತ್ತ ಬಂದ ಮನೆತನ ಇನ್ನೂ ತಲೆಯೆತ್ತಿ ನಿಂತಿರುವುದು ಹೇಗೆ?

ಈ ಪ್ರಶ್ನೆಗೆ ಉತ್ತರದ ಎಳೆ ಸಿಕ್ಕಿದುದು ಭಾರತದಲ್ಲಿಯೇ, ಅದೂ ಬೇರೆ ಕೆಲಸದ ನಡುವೆ. ಹತ್ತೊಂಬತ್ತನೆಯ ಶತಮಾನದಲ್ಲಿ ಎವರೆಸ್ಟನ ಮುಂದಾಳ್ತನದಲ್ಲಿ ನಡೆದ ಮಹಾ ತ್ರಿಕೋಣಮಿತೀಯ ಮೋಜಣಿಯಲ್ಲಿ, ದೆಹಲಿಯ ಉತ್ತರಕ್ಕಿರುವ ಕಲಿಯಾನಾಕ್ಕೂ ಮಧ್ಯಪ್ರದೇಶದ ಕಲ್ಯಾಣಪುರಕ್ಕೂ ನಡುವಣ ಅಂತರವನ್ನು ಎರಡು ಬಗೆಯಾಗಿ ಅಳೆದರು. ನೆಲದ ಮೇಲೆ ಸರಪಳಿ ಮತ್ತು ತ್ರಿಕೋಣಗಳಿಂದ ಒಮ್ಮೆ, ನಕ್ಷತ್ರಗಳನ್ನು ನೋಡಿ ಇನ್ನೊಮ್ಮೆ. ಎರಡೂ ಲೆಕ್ಕಗಳು ಐದು ವಿಕಲೆಗಳಷ್ಟು, ಎಂದರೆ ನೂರೈವತ್ತು ಮೀಟರಿಗೂ ಹೆಚ್ಚು, ಬೇರೆಯಾದವು. ಹಿಮಾಲಯದ ಭಾರ ತೂಗುಗುಂಡನ್ನು ತನ್ನ ಕಡೆಗೆ ಸೆಳೆದಿರಬೇಕೆಂಬ ಊಹೆ ಬಂತು. ಕಲ್ಕತ್ತೆಯ ಪಾದ್ರಿ ಪ್ರಾಟ್ ಗಣಿತಜ್ಞ; ಆತ ಕುಳಿತು ಹಿಮಾಲಯದ ಸೆಳೆತವನ್ನು ಲೆಕ್ಕಹಾಕಿದ. ಉತ್ತರ ವಿಚಿತ್ರವಾಗಿತ್ತು. ವ್ಯತ್ಯಾಸ ಐದಲ್ಲ, ಅದರ ಮೂರು ಪಟ್ಟು ಇರಬೇಕಾಗಿತ್ತು! ಅಷ್ಟು ದೊಡ್ಡ ಪರ್ವತ ತನ್ನ ಗಾತ್ರಕ್ಕೆ ತಕ್ಕಂತೆ ಏಕೆ ಸೆಳೆಯುತ್ತಿಲ್ಲ? ೧೮೫೫ರಲ್ಲಿ ಇಂಗ್ಲೆಂಡಿನ ಖಗೋಲಜ್ಞ ಏರಿ ಇದಕ್ಕೆ ಸಮಾಧಾನ ಕೊಟ್ಟ. ಪರ್ವತವು ಗಟ್ಟಿ ನೆಲದ ಮೇಲೆ ಇಟ್ಟ ಭಾರವಲ್ಲ. ಕೆಳಗಿನ ಹೆಚ್ಚು ಸಾಂದ್ರವಾದ ಪದಾರ್ಥದಲ್ಲಿ ಅದು ತೇಲುತ್ತಿದೆ, ಮೇಲೆ ಕಾಣುವುದಕ್ಕಿಂತ ಆಳವಾದ ಬೇರು ಅದಕ್ಕೆ ಕೆಳಗಿದೆ. ಆ ಬೇರಿನ ಹಗುರತನವೇ ಸೆಳೆತವನ್ನು ಕಡಿಮೆ ಮಾಡುತ್ತಿದೆ. ಸ್ವಲ್ಪ ತರುವಾಯ ಪ್ರಾಟ್ ತನ್ನದೇ ಬೇರೊಂದು ವಿವರಣೆ ಕೊಟ್ಟ. ಪರ್ವತದ ಭಾರವನ್ನು ಕೆಳಗಿನ ಹಗುರತನ ಸರಿದೂಗಿಸುತ್ತದೆಂಬ ಮುಖ್ಯ ಮಾತಿನಲ್ಲಿ ಇಬ್ಬರಿಗೂ ಭೇದವಿಲ್ಲ.

ಹಿಂದಿನ ಕಾಲದಲ್ಲಿ ಮಂಗಳೂರಿನ ಬಂದರಿನಲ್ಲಿ ಹಂಚು ಹೇರಿದ ಮಂಜಿಗಳನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾದುದಿಲ್ಲ. ಹಂಚು ಇಳಿಸಿದಂತೆ ಮಂಜಿ ನೀರಿನಿಂದ ಮೇಲೇಳುತ್ತದೆ. ಪರ್ವತದ ಮೇಲಿನ ಕಲ್ಲುಮಣ್ಣನ್ನು ನದಿಗಳು ಹೊತ್ತೊಯ್ದಂತೆ ಉಳಿದ ಪರ್ವತವೂ ಹಾಗೆಯೇ ಮೇಲೇಳುತ್ತದೆ. ಕೆಳಗಿರುವುದು ನೀರಲ್ಲ, ಘನಶಿಲೆಯೇ. ಆದರೆ ಸಾವಿರಾರು ವರ್ಷಗಳ ಲೆಕ್ಕದಲ್ಲಿ ಆ ಶಿಲೆ ಬಿಸಿಯಾದ ಅರಗಿನಂತೆ ನಿಧಾನವಾಗಿ ಹರಿಯುತ್ತದೆ. ಹಿಮಯುಗದ ಹಿಮದ ಹೊರೆ ಕರಗಿ ಸುಮಾರು ಹತ್ತು ಸಾವಿರ ವರ್ಷಗಳಾದ ಮೇಲೆ ಇಂದಿಗೂ ಸ್ವೀಡನ್ನಿನ ಉತ್ತರ ಕರಾವಳಿ ವರ್ಷಕ್ಕೆ ಸುಮಾರು ಒಂಬತ್ತು ಮಿಲಿಮೀಟರ್ ಏಳುತ್ತಿದೆ. ಇದು ಊಹೆಯಲ್ಲ, ಅಳೆದು ಕಂಡದ್ದು.

ಲೆಕ್ಕ ಸರಳವಾದುದು. ಮೇಲಿನ ಶಿಲೆಯ ಸಾಂದ್ರತೆಗೂ ಕೆಳಗಿನದಕ್ಕೂ ಹೆಚ್ಚು ಕಡಿಮೆ ಐದಕ್ಕೆ ಆರರ ಪ್ರಮಾಣ. ಆದುದರಿಂದ ವಿಶಾಲವಾದ ನೆಲವೊಂದರಿಂದ ಆರು ಅಡಿ ಸವೆದುಹೋದರೆ ಕಾಲಕ್ರಮದಲ್ಲಿ ಐದು ಅಡಿ ಕೆಳಗಿನಿಂದ ಏಳುತ್ತದೆ. ನಿಜವಾಗಿ ತಗ್ಗುವುದು ಒಂದೇ ಅಡಿ. ಪರ್ವತವನ್ನು ಒಂದು ಅಡಿ ತಗ್ಗಿಸಬೇಕಾದರೆ ಮಳೆ ಆರು ಅಡಿ ಕೆತ್ತಬೇಕು! ಮುದಿ ಪರ್ವತಗಳ ದೀರ್ಘಾಯುಷ್ಯದ ಗುಟ್ಟು ಬಹುಮಟ್ಟಿಗೆ ಇದೇ. ಇನ್ನೂ ಸ್ವಾರಸ್ಯದ ಮಾತೊಂದಿದೆ. ನದಿಗಳು ಕಣಿವೆಗಳನ್ನು ಮಾತ್ರ ಆಳವಾಗಿ ಕೊರೆದು ಏಣುಗಳನ್ನು ಮುಟ್ಟದೆ ಬಿಟ್ಟವೆನ್ನಿ. ಹೊರೆ ಇಳಿದುದರ ಫಲವಾಗಿ ಇಡೀ ನೆಲ ಏಳುತ್ತದೆ. ಕಣಿವೆಯ ತಳ ತಗ್ಗಿದ್ದರೂ ಶಿಖರ ಮೊದಲಿಗಿಂತ ಎತ್ತರವಾಗುತ್ತದೆ. ಸವೆತವೇ ಶಿಖರವನ್ನು ಬೆಳೆಸುತ್ತದೆಂಬುದು ಕೇಳಲು ಒಗಟಿನಂತಿದ್ದರೂ ಭೌತಶಾಸ್ತ್ರದ ನೇರವಾದ ಮಾತು.

ಸಹ್ಯಾದ್ರಿಯಲ್ಲಿ ಇದಕ್ಕೆ ಇನ್ನೊಂದು ತಿರುವು ಉಂಟು. ಭೂಮಿಯ ಹೊರಕವಚ ಬಿಡಿಬಿಡಿ ಮಂಜಿಗಳಂತಲ್ಲ, ಉದ್ದವಾದ ಗಡುಸು ಹಲಗೆಯಂತೆ. ಹಲಗೆಯ ಒಂದು ಭಾಗದಿಂದ ಹೊರೆ ತೆಗೆದರೆ ಅದರ ನೆರೆಯ ಭಾಗವೂ ಜೊತೆಗೆ ಏಳುತ್ತದೆ. ಇಂದು ಕರಾವಳಿ ಇರುವ ಕಡೆ ಹಿಂದೆ ಇದ್ದ ಕಲ್ಲೆಲ್ಲ ಸವೆದು ಸಮುದ್ರದ ಪಾಲಾಯಿತು; ಇತ್ತ ಹೊರೆ ಇಳಿದು ನೆಲ ಎದ್ದಿತು, ಅತ್ತ ಹೂಳಿನ ಹೊರೆ ಬಿದ್ದು ಕಡಲತಳ ಕುಸಿಯಿತು. ಈ ಬಾಗುವಿಕೆಯಲ್ಲಿ ಘಟ್ಟದ ತುಟಿ ಮೇಲಕ್ಕೆದ್ದು ಪ್ರಸ್ಥಭೂಮಿ ಪೂರ್ವಕ್ಕೆ ವಾಲಿಕೊಂಡಿತು. ಮಹಾಬಲೇಶ್ವರದಲ್ಲಿ ಹುಟ್ಟುವ ಕೃಷ್ಣೆಗೆ ಪಶ್ಚಿಮದ ಕಡಲು ಕೂಗಳತೆಯಲ್ಲಿ ಅಲ್ಲವಾದರೂ ಅರುವತ್ತೆಪ್ಪತ್ತು ಕಿಲೋಮೀಟರಿನಲ್ಲಿದೆ. ಅದನ್ನು ಬಿಟ್ಟು ಆಕೆ ಸುಮಾರು ೧,೪೦೦ ಕಿಲೋಮೀಟರ್ ನಡೆದು ಬಂಗಾಳಕೊಲ್ಲಿಯನ್ನು ಸೇರುತ್ತಾಳೆ. ಕಾವೇರಿ, ತುಂಗಭದ್ರೆಯರದೂ ಇದೇ ದಾರಿ. ನೆಲದ ವಾಲುವಿಕೆಗೆ ಇದಕ್ಕಿಂತ ಬೇರೆ ಸಾಕ್ಷಿ ಏತಕ್ಕೆ?

ಸಂಸ್ಕೃತದಲ್ಲಿ ಪರ್ವತಕ್ಕೆ 'ಅಚಲ' ಎಂದು ಹೆಸರು, 'ಭೂಧರ'ವೆಂದೂ ಹೆಸರು. ಪುರಾಣಗಳಲ್ಲಿ ವಿಜ್ಞಾನವನ್ನು ಹುಡುಕುವ ಚಪಲ ನನಗಿಲ್ಲ. ಪರಶುರಾಮನ ಕೊಡಲಿಗೂ ಮಡಗಾಸ್ಕರದ ಬಿರುಕಿಗೂ ಗಂಟುಹಾಕುವ ಮಹನೀಯರನ್ನು ದೂರದಿಂದಲೇ ನಮಸ್ಕರಿಸುತ್ತೇನೆ. ಆದರೆ ಈ ಎರಡು ಶಬ್ದಗಳಂತೂ ನಮ್ಮ ಬುದ್ಧಿಯನ್ನು ಬಹಳ ಕಾಲ ದಾರಿತಪ್ಪಿಸಿವೆ. ಪರ್ವತ ಅಚಲವಲ್ಲ, ಭೂಮಿಯನ್ನು ಧರಿಸಿಯೂ ಇಲ್ಲ. ಭೂಮಿಯೇ ಅದನ್ನು ಧರಿಸಿದೆ, ಹೊರೆ ಹೆಚ್ಚಾದಾಗ ತಗ್ಗಿ, ಕಡಿಮೆಯಾದಾಗ ಎದ್ದು.

ಹಾಗಾದರೆ ಬಯಲು? ಬಯಲನ್ನು ನಾವು ಪರ್ವತದ ವಿರುದ್ಧಪದವೆಂದು ಕಲಿತಿದ್ದೇವೆ. ಬೆಂಗಳೂರಿನ ಲಾಲ್‌ಬಾಗಿನ ಬಂಡೆಯ ಮೇಲೆ ಸಂಜೆ ಕುಳಿತುಕೊಳ್ಳುವವರು ಕುಳಿತಿರುವುದು ಒಂದು ಪರ್ವತದ ಬುಡದಲ್ಲಿ ಎಂದರೆ ನಗಬಹುದು. ಸುಮಾರು ಮುನ್ನೂರು ಕೋಟಿ ವರ್ಷ ವಯಸ್ಸಿನ ಆ ಪಟ್ಟೆಪಟ್ಟೆಯ ಕಲ್ಲು ನೆಲದ ಮೇಲೆ ಹುಟ್ಟತಕ್ಕ ಕಲ್ಲಲ್ಲ. ಕಿಲೋಮೀಟರುಗಟ್ಟಲೆ ಆಳದ ಒತ್ತಡದಲ್ಲಿ, ಕಾವಿನಲ್ಲಿ ರೂಪುಗೊಂಡದ್ದು. ಅದು ಇಂದು ಬಿಸಿಲು ಕಾಯಿಸಿಕೊಳ್ಳುತ್ತಿರಬೇಕಾದರೆ ಅದರ ಮೇಲಿದ್ದ ಅಷ್ಟೂ ಕಲ್ಲು ಸವೆದುಹೋಗಿರಬೇಕು, ಸವೆದಷ್ಟಕ್ಕೂ ಕೆಳಗಿನಿಂದ ಅದು ಎದ್ದುಬಂದಿರಬೇಕು. ನಂದಿ, ಸಾವನದುರ್ಗ, ಮಧುಗಿರಿಗಳು ಬಯಲಿನಿಂದ ಮೇಲೆದ್ದ ಬೆಟ್ಟಗಳಲ್ಲ. ಬಯಲು ಅವುಗಳ ಸುತ್ತ ಇಳಿದುಹೋಯಿತು. ಬಯಲುಸೀಮೆಯೆಂಬುದು ಖರ್ಚಾಗಿ ಮುಗಿದ ಪರ್ವತ, ಕರಾವಳಿಯೆಂಬುದು ಖರ್ಚಾಗಿ ಇನ್ನೂ ಕೆಳಗಿಳಿದ ಪ್ರಸ್ಥಭೂಮಿ, ಘಟ್ಟವೆಂಬುದು ಈ ಎರಡರ ನಡುವೆ ಸದ್ಯಕ್ಕೆ ನಿಂತಿರುವ ಎಲ್ಲೆ. ಮೂರು ಕೋಣೆಗಳಲ್ಲ, ಒಂದೇ ಖಾತೆಯ ಮೂರು ಪುಟಗಳು.

ಆ ಎಲ್ಲೆ ಪೂರ್ವಕ್ಕೆ ಸರಿಯುತ್ತಿರುವುದನ್ನು ಜೋಗದಲ್ಲಿ ಕಣ್ಣಾರೆ ಕಾಣಬಹುದು. ಅಂಬುತೀರ್ಥದಲ್ಲಿ ಹುಟ್ಟಿದ ಶರಾವತಿ ಪ್ರಸ್ಥಭೂಮಿಯ ಮೇಲೆ ಅವಸರವಿಲ್ಲದೆ ಅಲೆದಾಡಿ, ಒಮ್ಮೆಗೇ ೨೫೩ ಮೀಟರ್ ಧುಮುಕಿ, ಆಳವಾದ ಕಮರಿಯನ್ನು ಹಿಡಿದು ಹೊನ್ನಾವರಕ್ಕೆ ಓಡುತ್ತಾಳೆ. ಜಲಪಾತದ ಕೆಳಗಿನ ಆ ಕಮರಿ ನದಿಯೇ ಹಿಂದೆ ಹಿಂದೆ ಕಡಿದುಕೊಂಡು ಬಂದ ದಾರಿ. ಪಶ್ಚಿಮದ ಹೊಳೆಗಳು ಮೋಟು, ಕಡಿದು, ಮಳೆಯ ಬಲವುಳ್ಳವು. ಅವು ಘಟ್ಟವನ್ನು ಹಿಮ್ಮುಖವಾಗಿ ಕೊರೆಯುತ್ತವೆ, ಅವಕಾಶ ಸಿಕ್ಕಿದಾಗ ಪೂರ್ವದ ಹೊಳೆಗಳ ನೀರನ್ನು ಕಸಿದುಕೊಳ್ಳುತ್ತವೆ. ೧೯೬೪ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿದ ಮೇಲೆ ಜೋಗದಲ್ಲಿ ಈ ಕೆಲಸ ಮಳೆಗಾಲದ ಕೆಲವು ವಾರಗಳಿಗೆ ಇಳಿದಿದೆ. ವಿದ್ಯುತ್ತು ನಮಗೆ ಬೇಕಾಗಿತ್ತು. ಆ ಲಾಭವನ್ನು ಉಣ್ಣುತ್ತಿರುವವನು ನಾನೂ ಹೌದು.

ಈ ಖಾತೆಯ ವೇಗ ಎಷ್ಟೆಂಬುದನ್ನೂ ಈಚಿನವರು ಅಳೆದಿದ್ದಾರೆ. ಹೊಳೆಯ ಮರಳಿನಲ್ಲಿರುವ ಬೆರಿಲಿಯಂ ಧಾತುವಿನ ಅತ್ಯಲ್ಪ ಅಂಶವನ್ನು ಎಣಿಸಿ ನೆಲ ಎಷ್ಟು ಬೇಗ ಸವೆಯುತ್ತಿದೆಯೆಂದು ಹೇಳುವ ವಿಧಾನ ಅದು. ಪ್ರಸ್ಥಭೂಮಿಯ ಮೇಲೆ ಒಂದು ಮೀಟರ್ ನೆಲ ಸವೆಯಲು ಲಕ್ಷ ವರ್ಷದ ಆಸುಪಾಸು; ಘಟ್ಟದ ಕಡಿದಾದ ಮೋರೆಯಲ್ಲಿ ಹತ್ತಾರು ಸಾವಿರ ವರ್ಷ. ಈ ನಿಧಾನದಿಂದಲೇ ನಮ್ಮ ಇಳಿಜಾರುಗಳ ಮೇಲೆ ಅಷ್ಟು ದಪ್ಪವಾದ ಮಣ್ಣು ಕಟ್ಟಿದೆ. ಬಂಡೆ ಇದ್ದಲ್ಲಿಯೇ ಕೊಳೆತು ಮಣ್ಣಾಗುತ್ತದೆ, ಕೆಲವು ಕಡೆ ಕೆಂಪಗೆ ಗಟ್ಟಿಯಾಗಿ ಮುರಕಲ್ಲಾಗುತ್ತದೆ. ೧೮೦೦-೦೧ರಲ್ಲಿ ಕನ್ನಡ ಜಿಲ್ಲೆಗಳಲ್ಲಿ, ಮಲಬಾರಿನಲ್ಲಿ ಸಂಚರಿಸಿದ ಬುಕನನ್ ಈ ಕಲ್ಲಿಗೆ ಇಟ್ಟಿಗೆಯೆಂಬ ಅರ್ಥದ ಲ್ಯಾಟಿನ್ ಶಬ್ದದಿಂದ 'ಲ್ಯಾಟರೈಟ್' ಎಂದು ಹೆಸರಿಟ್ಟ. ನಮ್ಮವರು ಅದಕ್ಕೆ ಮೊದಲೇ ಜಂಬಿಟ್ಟಿಗೆಯೆಂದು ಕರೆದು ಮನೆ ಕಟ್ಟುತ್ತಿದ್ದರು.

ಈಗ ಮೊದಲು ಹೇಳಿದ ತಪ್ಪಿಗೆ ಬರುತ್ತೇನೆ. ಪರ್ವತವನ್ನು ಗೋಡೆಯೆಂದು ಕಲಿತವನು ಅದರಲ್ಲಿ ಬಾಗಿಲು ಕೊರೆಯಲು ಹೆದರುವುದಿಲ್ಲ. ಗೋಡೆ ನಿಂತಿರುವ ವಸ್ತು. ಒಂದಿಷ್ಟು ಕಡಿದರೆ ಉಳಿದದ್ದು ಹಾಗೆಯೇ ನಿಂತಿರುತ್ತದೆಂದು ಅವನ ನಂಬಿಕೆ. ಆದರೆ ಘಟ್ಟದ ಇಳಿಜಾರು ಇಳಿಯುತ್ತಿರುವ ವಸ್ತು. ಮಣ್ಣಿನ ಭಾರ, ಬೇರಿನ ಹಿಡಿತ, ಒಳಗೆ ಸೇರುವ ನೀರು ಇವುಗಳ ನಡುವೆ ಬಹುಕಾಲದಿಂದ ಒಪ್ಪಂದವಾಗಿ ಒಂದು ಕೋನ ಏರ್ಪಟ್ಟಿರುತ್ತದೆ. ಬುಡದಲ್ಲಿ ಧರೆಯನ್ನು ನೆಟ್ಟಗೆ ಕಡಿದರೆ ಆ ಒಪ್ಪಂದ ಮುರಿಯುತ್ತದೆ. ಆಷಾಢ ಶ್ರಾವಣಗಳಲ್ಲಿ ಮಣ್ಣಿನ ಸಂದುಗಳಲ್ಲಿ ನೀರು ತುಂಬಿ ಒತ್ತಿದಾಗ, ಕೊಳೆತ ಬಂಡೆಗೂ ಗಟ್ಟಿ ಬಂಡೆಗೂ ನಡುವಣ ಸಂಧಿಯಲ್ಲಿ ಗುಡ್ಡ ಜಾರುತ್ತದೆ. ೨೦೧೮ರ ಆಗಸ್ಟಿನಲ್ಲಿ ಕೊಡಗು ಕಂಡದ್ದು, ೨೦೨೪ರ ಜುಲೈ ೧೬ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗಂಗಾವಳಿಯ ದಂಡೆಯ ಹೆದ್ದಾರಿ ಕಂಡದ್ದು ಇಂಥ ಜಾರಿಕೆಗಳನ್ನೇ. ಮತ್ತೆ ಎರಡು ವಾರದೊಳಗೆ, ಜುಲೈ ೩೦ರಂದು, ವಯನಾಡಿನಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು.

ಎಲ್ಲ ಜಾರಿಕೆಗೂ ಮನುಷ್ಯನೇ ಕಾರಣನೆಂದು ಹೇಳುವುದು ಅಪ್ರಾಮಾಣಿಕತೆ. ಗುಡ್ಡ ಜಾರುವುದು ಪರ್ವತ ಸವೆಯುವ ರೀತಿಗಳಲ್ಲಿ ಒಂದು. ರಸ್ತೆಯ ಗುರುತೇ ಇಲ್ಲದ ಎತ್ತರದ ಕಾಡಿನಲ್ಲಿಯೂ ಅದು ನಡೆಯುತ್ತದೆ. ವಯನಾಡಿನ ಪ್ರವಾಹ ಹುಟ್ಟಿದ್ದು ಊರುಗಳಿಗಿಂತ ಬಹಳ ಮೇಲೆ. ಆದರೆ 'ಪ್ರಕೃತಿವಿಕೋಪ' ಎಂಬ ಶಬ್ದದಲ್ಲಿ ನಮಗೆ ಒಂದು ಅನುಕೂಲವಿದೆ: ಪ್ರಕೃತಿ ಎಂದೋ ಒಮ್ಮೆ ಮುನಿಯುತ್ತದೆ, ಉಳಿದ ಕಾಲದಲ್ಲಿ ಸುಮ್ಮನಿರುತ್ತದೆ ಎಂದು ಆ ಶಬ್ದ ಹೇಳಿಕೊಡುತ್ತದೆ. ಸುಮ್ಮನಿರುವ ಕಾಲವೇ ಇಲ್ಲ. ಹತ್ತಾರು ಸಾವಿರ ವರ್ಷಗಳಲ್ಲಿ ಇಳಿಯಬೇಕಾದ ಮಣ್ಣನ್ನು ಒಂದೇ ಮಳೆಗಾಲದಲ್ಲಿ ಇಳಿಯಲು ನಾವು ದಾರಿ ಮಾಡಿಕೊಡುತ್ತಿದ್ದೇವೆಯೇ ಎಂಬುದೇ ಕೇಳಬೇಕಾದ ಪ್ರಶ್ನೆ. ರಸ್ತೆ ಬೇಡವೆಂದು ನಾನು ಹೇಳುವುದಿಲ್ಲ. ಹೆರಿಗೆಯ ಬೇನೆಯವಳನ್ನು ಮಣಿಪಾಲಕ್ಕೋ ಮಂಗಳೂರಿಗೋ ಇಳಿಸಬೇಕಾದ ಮಲೆನಾಡಿನ ಮನೆಯವರಿಗೆ, ನಗರದಲ್ಲಿ ಕುಳಿತು ರಸ್ತೆಯ ಕೆಡುಕನ್ನು ಬೋಧಿಸುವುದು ಸಭ್ಯತೆಯಲ್ಲ. ಕಡಿಯುವುದಾದರೆ ಮೆಟ್ಟಿಲು ಮೆಟ್ಟಿಲಾಗಿ ಕಡಿಯಬೇಕು, ಮೇಲಿನ ನೀರು ಗುಡ್ಡದ ಹೊಟ್ಟೆಗೆ ಇಳಿಯದಂತೆ ಬಸಿಗಾಲುವೆ ತೆಗೆಯಬೇಕು. ಎಷ್ಟು ಅಗಲದ ರಸ್ತೆ ಆ ಇಳಿಜಾರಿಗೆ ಸಹ್ಯವೆಂದು ಕೇಳಿ ಆಮೇಲೆ ನಕ್ಷೆ ಬರೆಯಬೇಕು. ಇದು ಎಂಜಿನಿಯರುಗಳಿಗೆ ತಿಳಿಯದ್ದಲ್ಲ. ತಿಳಿದೂ ನಡೆಯದಿರುವುದಕ್ಕೆ ಹಣ, ಅವಸರ ಮುಂತಾದ ಕಾರಣಗಳಿವೆ. ಕೇಳಬೇಕಾದ ಜನವೇ ಪರ್ವತವನ್ನು ಕಂಬಳಿಹುಳುವಿನ ಚಿತ್ರದಲ್ಲಿ ಕಲಿತಿರುವುದೂ ಒಂದು ಕಾರಣವೆಂದು ನಾನು ತಿಳಿದಿದ್ದೇನೆ.

ನಮ್ಮ ಉಪಾಧ್ಯಾಯರಲ್ಲಿ ಒಂದು ಬಿನ್ನಹ. ಒಂದು ತರಗತಿಯನ್ನು, ಮಳೆ ಬಿಟ್ಟಿರುವ ದಿನ ನೋಡಿಕೊಂಡು, ಆಗುಂಬೆಗೆ ಕರೆದುಕೊಂಡು ಹೋಗಿ. ಮೊದಲು ಪೂರ್ವಕ್ಕೆ ಮುಖ ಮಾಡಿಸಿ ಇಳಿಜಾರು ಎಲ್ಲಿದೆಯೆಂದು ಕೇಳಿ. ಆಮೇಲೆ ಪಶ್ಚಿಮಕ್ಕೆ ತಿರುಗಿಸಿ. ಹದಿನಾಲ್ಕು ತಿರುವುಗಳನ್ನು ಇಳಿಯುವಾಗ, ಅಪಾಯವಿಲ್ಲದ ಒಂದು ಕಡೆ, ಕಡಿದ ಧರೆಯನ್ನು ತೋರಿಸಿ: ಮೇಲೆ ಬೇರು, ಅದರ ಕೆಳಗೆ ಕೆಂಪುಮಣ್ಣು, ಅದರೊಳಗೆ ಅರ್ಧ ಕೊಳೆತ ಗುಂಡುಗಳು, ಬುಡದಲ್ಲಿ ಹೊಳೆಯುವ ಹಸಿಬಂಡೆ. ಸೋಮೇಶ್ವರಕ್ಕೆ ಬಂದ ಮೇಲೆ ಸೀತಾನದಿಯಿಂದ ಒಂದು ಶೀಷೆ ನೀರು ತುಂಬಿಸಿಕೊಂಡು ಹಿಂದಿರುಗಿ. ಅದನ್ನು ಶಾಲೆಯ ಕಿಟಕಿಯಲ್ಲಿ ಅಲುಗಿಸದೆ ಇಡಿ. ಮರುದಿನ ಬೆಳಿಗ್ಗೆ ನೀರು ತಿಳಿಯಾಗಿರುತ್ತದೆ. ತಳದಲ್ಲಿ, ಉಗುರಿನಷ್ಟೂ ದಪ್ಪವಿಲ್ಲದೆ, ಕೆಂಪಗೆ ಗಸಿ ಕುಳಿತಿರುತ್ತದೆ. ನಕಾಶೆಯ ಮುಂದೆ ಆ ಶೀಷೆಯನ್ನಿಟ್ಟು ಪಾಠವನ್ನು ಅಲ್ಲಿಂದ ಆರಂಭಿಸಬಹುದು.